ಸಪ್ಪಲಮ್ಮನ ಪಾಸ್‌ಪೋರ್ಟ್ ನಂಬರು

ಸೋಮವಾರ, 9 ಜನವರಿ 1978

ಸುಂಕದಕಟ್ಟೆಯ ಸಪ್ಪಲಮ್ಮನ ಗುಡಿಯಲ್ಲಿದ್ದ ಕಂಚಿನ ಮುಖವೊಂದನ್ನು ಕದ್ದು ಹಡಗಿನಲ್ಲಿ ಜರ್ಮನಿಗೆ ಸಾಗಿಸಿದ್ದಾರೆ. ಇದು ಅನ್ಯಾಯ. ಮೊದಲು ಇದನ್ನು ಬರೆದಿಟ್ಟು ಆಮೇಲೆ ಉಳಿದದ್ದು.

ಕಳೆದ ಆಷಾಢದಲ್ಲಿ ಗುಡಿಯ ಬೀಗ ಒಡೆದವನು ಇಲ್ಲಿಯವನು. ಹಡಗು ಹತ್ತಿಸಿದವನು ಬೊಂಬಾಯಿಯವನು. ಕೊಳ್ಳಲು ಕಾದು ಕೂತವನು ಹ್ಯಾಂಬರ್ಗಿನವನು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದಿದ್ದರೂ ಕಳ್ಳರು ಎಷ್ಟು ಒಗ್ಗಟ್ಟಿನಿಂದ ಕೆಲಸ ಮಾಡುತ್ತಾರೆ! ಸರ್ಕಾರಗಳಿಗೆ ಒಂದು ಕಾಗದವನ್ನು ಗಡಿ ದಾಟಿಸಲು ತಿಂಗಳುಗಟ್ಟಲೆ ಬೇಕು. ಅವೆನ್ಯೂ ರಸ್ತೆಯ ಹಳೆ ಪುಸ್ತಕದವನಲ್ಲಿ ಸಿಕ್ಕ ವಿಶ್ವಸಂಸ್ಥೆಯ ಕಿರುಹೊತ್ತಿಗೆಗಳನ್ನೆಲ್ಲ ನಾನು ಎರಡೆರಡು ಸಲ ಓದಿದ್ದೇನೆ. ಕದ್ದು ತಂದ ಪ್ರಾಚೀನ ಸ್ವತ್ತನ್ನು ದೇಶಗಳು ಒಂದಕ್ಕೊಂದು ಹಿಂದಿರುಗಿಸಬೇಕೆಂಬ ಒಪ್ಪಂದವಾಗಿ ಏಳು ವರ್ಷ ಕಳೆಯಿತು. ನಾವು ಒಪ್ಪಿಕೊಂಡದ್ದು ಹೋದ ವರ್ಷ. ಜರ್ಮನಿ ಇನ್ನೂ ಒಪ್ಪಿಲ್ಲ.

ಆದರೂ ಅಲ್ಲಿ ಯಾರೋ ನೆಟ್ಟಗಿನವರಿದ್ದಾರೆ. ಬಂದರಿನ ಸುಂಕದವರು ‘ಊದುಬತ್ತಿ’ ಎಂದು ಬರೆದಿದ್ದ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಹದಿನಾಲ್ಕು ವಿಗ್ರಹಗಳು. ಅವರು ಇಂಟರ್‌ಪೋಲ್ ಮೂಲಕ ದೆಹಲಿಗೆ ತಿಳಿಸಿದರು, ದೆಹಲಿಯವರು ನಮ್ಮ ಠಾಣೆಗಳಿಗೆ ತಿಳಿಸಿದರು: ನಿಮ್ಮದಾಗಿದ್ದರೆ ಗುರುತು ಹೇಳಿ. ಮಾರ್ಚ್ 31ರವರೆಗೆ ಇಟ್ಟುಕೊಂಡಿರುತ್ತೇವೆ. ಆಮೇಲೆ ಕಾನೂನಿನ ಪ್ರಕಾರ ತರಿಸಿಕೊಂಡ ವ್ಯಾಪಾರಿಗೇ ವಾಪಸ್ಸು.

ಸುಂಕದಕಟ್ಟೆಯವರು ಅರ್ಜಿಗೆ ಭಾಷ್ಯಂ ಸರ್ಕಲ್ಲಿನ ನಮ್ಮ ಟೈಪಿಂಗ್ ಆಫೀಸಿಗೆ ಬರಲಿದ್ದಾರಂತೆ. ಮಾಲೀಕರು ಕೃಷ್ಣಪ್ಪನವರು ನಕ್ಕರು: “ಸುಂಕದಕಟ್ಟೆ ಅಮ್ಮ ಹೋಗಿ ಸುಂಕದೋರ ಕೈಗೇ ಸಿಕ್ಕಿದಾಳೆ ನೋಡಮ್ಮ ಜಗದಾಂಬಾ!” ನನಗೆ ನಗು ಬರಲಿಲ್ಲ. ನಾನು ದೇವರನ್ನು ನಂಬುವವಳಲ್ಲ. ನನಗೆ ಇದು ಅಂತರರಾಷ್ಟ್ರೀಯ ಅಪರಾಧ, ಅಷ್ಟೇ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಪತ್ರ ಶುರು ಮಾಡಿದ್ದೇನೆ. ಎರಡು ಪುಟ ಆಯಿತು.

ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದೆ. ನಾವು ರಾಣೆಬೆನ್ನೂರು ಬಿಟ್ಟು ರಾಜಾಜಿನಗರಕ್ಕೆ ಬಂದು ಹನ್ನೆರಡು ವರ್ಷವಾದರೂ ಅವ್ವನ ಮಾತು ಅಲ್ಲಿಯದೇ. ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು, “ನಮ್ಮ ದೇವರು ಅಂಗೈಯಾಗ ಇರ್ತಾನ. ಅವನ್ನ ಯಾರ್ ಕದೀತಾರ?” ಎಂದಳು. ಅವ್ವನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಗುರುವಾರ, 12 ಜನವರಿ

ಮುನಿತಾಯಮ್ಮ ಬಂದಿದ್ದರು. ಗುಡಿಯ ಪೂಜೆ ಇವರದೇ. ಎಪ್ಪತ್ತರ ಹತ್ತಿರದ ಮುದುಕಿ, ಧ್ವನಿ ಮಾತ್ರ ಮೂವತ್ತರದು. ಜೊತೆಗೆ ಮೊಮ್ಮಗ ಚನ್ನಕೇಶವ, ಕಾರ್ಖಾನೆಯಲ್ಲಿ ಫಿಟ್ಟರ್. ಠಾಣೆಯ ರೈಟರ್ ಇವರ ಜಗಳ ತಡೆಯಲಾರದೆ ಎರಡು ಫಾರಂ ಕೊಟ್ಟು, ಯಾವುದನ್ನಾದರೂ ಇಂಗ್ಲಿಷಿನಲ್ಲಿ ತುಂಬಿಸಿಕೊಂಡು ಬನ್ನಿ ಎಂದು ಅಟ್ಟಿದ್ದಾನೆ. ಒಂದು ಕಳವಾದ ಸ್ವತ್ತಿನದು. ಇನ್ನೊಂದು ಕಾಣೆಯಾದ ವ್ಯಕ್ತಿಯದು.

ನಾನು ಸ್ವತ್ತಿನ ಫಾರಂ ಎಳೆದುಕೊಂಡೆ.

“ಅದ್ರಲ್ಲಿ ಏನಂತ ಬರ್ದದೆ?”

“ಕಳುವಾದ ವಸ್ತು ಯಾವುದು ಅಂತ.”

“ಅಮ್ಮ ವಸ್ತುವಾ? ತಪ್ಲೆ ಚೊಂಬು ಕಳ್ದಂಗೆ ಬರ್ಕೊತೀಯಾ? ಆಚಿಗ್ ಮಡುಗು ಅದ್ನ.”

“ಅಜ್ಜಿ, ವಿಗ್ರಹ ಅಂತ ಬರೀತೀನಿ.”

“ವಿಗ್ರಹ ಅಂಗ್ಡೀಲಿರೋದು ಕಣಮ್ಮಿ. ಮನೇಲಿರೋಳು ಅಮ್ಮ.”

“ಬರ್ಕೊಳ್ಳಿ ಮೇಡಂ, ಆ ಇನ್ನೊಂದು ಫಾರಮ್ಮೇ ಬರ್ಕೊಳ್ಳಿ,” ಎಂದ ಚನ್ನಕೇಶವ. “ಠಾಣೇಲೂ ಎರಡು ಗಂಟೆ ಇದೇ ಪುರಾಣ.”

“ದೇವಿ ಅಂತಾನಾದ್ರೂ ಆಕು,” ಎಂದರು ಅಜ್ಜಿ.

ಅದು ನನ್ನಿಂದಾಗದು ಎಂದೆ. ಇಲ್ಲದ್ದನ್ನು ಇದೆ ಎಂದು ಸರ್ಕಾರಿ ಕಾಗದದಲ್ಲಿ ನಾನು ಬರೆಯುವುದಿಲ್ಲ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿನ್ ಎಸ್ರೇನು?” ಎಂದರು. ಹೇಳಿದೆ. “ಜಗತ್ತಿಗೇ ಅಂಬೆ ಅಂತ ಎಸ್ರು ಮಡಿಕೊಂಡು ಒಂದ್ ಗುಡೀಲಿ ಅಮ್ಮ ಇಲ್ಲ ಅಂತೀಯಲ್ಲೇ!” ಚನ್ನಕೇಶವ ಬಾಗಿಲ ಕಡೆ ತಿರುಗಿ ನಕ್ಕ.

ಕೃಷ್ಣಪ್ಪನವರು ಗಡಿಯಾರ ನೋಡಿದರು. “ಇಬ್ಬರೂ ಒಪ್ಪಿದ್ದಷ್ಟೇ ಟೈಪ್ ಮಾಡಮ್ಮ. ಒಂದು ಅಕ್ಷರ ಸೇರಿಸೋದಿಲ್ಲ, ಒಂದು ಅಕ್ಷರ ಬಿಡೋದಿಲ್ಲ, ಅದೇ ನಮ್ಮ ಆಫೀಸಿನ ನಿಯಮ.”

ಇಬ್ಬರೂ ಒಪ್ಪಿದ್ದು ಇಷ್ಟು. ಹೆಸರು ಸಪ್ಪಲಮ್ಮ. ಊರು ಸುಂಕದಕಟ್ಟೆ. ವಯಸ್ಸಿಗೆ ಅಜ್ಜಿ “ನಮ್ಮಜ್ಜಿಗಿಂತ ದೊಡ್ಡೋಳು” ಎಂದದ್ದರಿಂದ ‘ಹಿರಿಯಳು’. ಎತ್ತರ “ಅಮ್ಮನ್ನ ಅಳೆಯೋನು ಯಾವನು?” ಎಂದದ್ದರಿಂದ ‘ತಿಳಿಯದು’. ಬಣ್ಣ ಅರಿಶಿನ. ಕೊನೆಯ ಸಲ ಕಂಡಾಗ ಹಸಿರು ಸೀರೆ, ಮೂಗುಬೊಟ್ಟು. ಮಂಗಳವಾರ ಸಂಜೆ ಸ್ನಾನ ಮುಗಿಸಿ ಕೂತಿದ್ದಳು. ಹ್ಯಾಂಬರ್ಗಿನಲ್ಲಿರುವ ಶಂಕೆ.

ಕೊನೆಗೆ ಅಜ್ಜಿ ಹೆಬ್ಬೆರಳನ್ನು ನನ್ನ ಮುಂದೆ ಚಾಚಿದರು. ಮೈ ಉರಿಯಿತು. ಹೆಬ್ಬೆಟ್ಟು ಗುಲಾಮಗಿರಿಯ ಮುದ್ರೆ. ಕೈದಿಯಂತೆ ಒಬ್ಬ ನಾಗರಿಕಳು ಬೆರಳು ಕಪ್ಪು ಮಾಡಿಕೊಳ್ಳಬಾರದು. ನಿಮ್ಮ ಹೆಸರು ಬರೆಯಲು ಕಲಿಸುತ್ತೇನೆ, ಕಲಿತ ಮೇಲೇ ಅರ್ಜಿ ಹೋಗುತ್ತದೆ ಎಂದೆ. ಹಟ ಹಿಡಿದೆ. ಅಜ್ಜಿ ಮೊಮ್ಮಗನಿಗೆ, “ಲೇ, ಇವ್ಳು ನನಗಿಂತ ಮೊಂಡಿ ಕಣ್ಲಾ,” ಎಂದರು.

ಶುಕ್ರವಾರ, 20 ಜನವರಿ

ಅರ್ಜಿ ಹೋಯಿತು! ಎಂಟು ದಿನ ಹಿಡಿದರೂ ಅಜ್ಜಿ ‘ಮುನಿ’ ಎಂದು ಬರೆದರು. ‘ತಾಯಮ್ಮ’ ಆಗಲಿಲ್ಲ. “ಮುನಿ ಸಾಕು ಬಿಡು, ಮುನಿಸ್ಕೊಂಡಿವ್ನಿ ಅಂತ ಗೊತ್ತಾಗ್ಲಿ ಅವ್ರಿಗೆ.” ಅಭ್ಯಾಸಕ್ಕೆ ಬೇರೆ ಹಾಳೆ ಸಿಗದೆ ಮಹಾಕಾರ್ಯದರ್ಶಿಯ ಪತ್ರದ ಹಿಂಬದಿ ಬಳಸಿದೆ. ಪರವಾಗಿಲ್ಲ, ಅದನ್ನು ಮತ್ತೆ ಬರೆಯಬೇಕಾಗಿಯೇ ಇತ್ತು.

ಈಗ ಕಾಗದ ಠಾಣೆಯಿಂದ ದೆಹಲಿಗೆ, ದೆಹಲಿಯಿಂದ ರಾಯಭಾರ ಕಚೇರಿಯ ಮೂಲಕ ಹ್ಯಾಂಬರ್ಗಿಗೆ. ಹಿತ್ತಾಳೆಯೋ ಕಂಚೋ, ನನಗೆ ಅದರ ಮೇಲೆ ಭಕ್ತಿಯಿಲ್ಲ. ಆದರೆ ಭಾಷ್ಯಂ ಸರ್ಕಲ್ಲಿನ ಮುರುಕು ರೆಮಿಂಗ್ಟನ್ನಿನಲ್ಲಿ ಹೊಡೆದ ಅಕ್ಷರವನ್ನು ಜರ್ಮನಿಯ ಪೊಲೀಸನೊಬ್ಬ ಓದುತ್ತಾನೆ ಎಂದರೆ ಇದೇ ಅಲ್ಲವೇ ನಾನು ಓದಿದ್ದು!

ಅಜ್ಜಿ ಹೋಗುವಾಗ ಅವರೆಕಾಯಿ ಕೊಟ್ಟರು. ಬೇಡ ಎಂದರೂ ಬ್ಯಾಗಿನೊಳಗೆ ಸುರಿದರು.

ಗುರುವಾರ, 16 ಫೆಬ್ರವರಿ

ಉತ್ತರ ಬಂತು. ಚನ್ನಕೇಶವ ಠಾಣೆಯಿಂದ ನಕಲು ತಂದ. ನಾನೇ ಗಟ್ಟಿಯಾಗಿ ಓದಿ ಕನ್ನಡಕ್ಕೆ ಹೇಳಿದೆ.

‘ಹಸಿರು ಸೀರೆಯುಟ್ಟ, ಸಪ್ಪಲಮ್ಮ ಎಂಬ ಹೆಸರಿನ ಹಿರಿಯ ಮಹಿಳೆ ಯಾವ ಹಡಗಿನಿಂದಲೂ ಇಳಿದ ದಾಖಲೆಯಿಲ್ಲ. ನಗರದ ಆಸ್ಪತ್ರೆಗಳಲ್ಲೂ ಹನ್ನೊಂದು ವೃದ್ಧಾಶ್ರಮಗಳಲ್ಲೂ ವಿಚಾರಿಸಲಾಗಿದೆ. ದಯವಿಟ್ಟು ಪಾಸ್‌ಪೋರ್ಟ್ ನಂಬರು ಕಳಿಸಿ. ಆಕೆಯ ಕುಟುಂಬದ ದುಃಖದಲ್ಲಿ ನಾವೂ ಭಾಗಿಗಳು.’

ಕೃಷ್ಣಪ್ಪನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು. ಚನ್ನಕೇಶವ, “ಮೇಡಂ, ನಮ್ಮಮ್ಮಂಗೆ ಪಾಸ್‌ಪೋರ್ಟ್ ಮಾಡ್ಸಿ ಕೊಡ್ತೀರಾ?” ಎಂದ. ತಮಾಷೆಗೇ ಎಂದದ್ದು. ಆದರೆ ಅವನ ಮುಖದಲ್ಲಿ ನಗುವಿರಲಿಲ್ಲ. ಇನ್ನು ನಲವತ್ತಮೂರು ದಿನ.

ಶುಕ್ರವಾರ, 17 ಫೆಬ್ರವರಿ

ತಪ್ಪು ನನ್ನದು. ಅಜ್ಜಿ ವಿಗ್ರಹ ಅನ್ನಲೊಲ್ಲರು, ನಾನು ದೇವಿ ಅನ್ನಲೊಲ್ಲೆ. ನಡುವೆ ಉಳಿದದ್ದು ಒಬ್ಬ ಮುದುಕಿ. ನಮ್ಮ ಪೊಲೀಸರೂ ಅದನ್ನು ಕಾಣೆಯಾದವರ ವಿಭಾಗಕ್ಕೇ ಕಳಿಸಿದ್ದಾರೆ, ಫಾರಂ ಅದೇ ಆಗಿತ್ತಲ್ಲ. ಅಜ್ಜಿಗೆ ಓದು ಬಾರದು. ನನಗೆ ಬರುತ್ತಿತ್ತು.

ಶನಿವಾರ, 18 ಫೆಬ್ರವರಿ

ಅರ್ಧ ದಿನ ರಜೆ ಕೇಳಿಕೊಂಡು ಮಾಗಡಿ ರಸ್ತೆಯ ಬಸ್ಸು ಹಿಡಿದೆ. ಕಾಮಾಕ್ಷಿಪಾಳ್ಯ ದಾಟಿದ ಮೇಲೆ ಕೊಯ್ದ ರಾಗಿಹೊಲಗಳು, ನಡುನಡುವೆ ಹೊಸ ಸೈಟುಗಳ ಕಲ್ಲು. ಬೈಸಿಕೊಳ್ಳಲು ತಯಾರಾಗಿಯೇ ಹೋದೆ.

ಗುಡಿ ನಮ್ಮ ಅಡುಗೆಮನೆಗಿಂತ ಚಿಕ್ಕದು. ಕಲ್ಲಿನ ಪೀಠ ಬರಿದಾಗಿತ್ತು. ಅದರ ಮುಂದೆ ಒಂದು ಚೊಂಬು ನೀರು, ಬಾಚಣಿಗೆ, ಮಡಿಸಿಟ್ಟ ಹಸಿರು ಸೀರೆ. ಇವನ್ನು ಯಾರಿಗಾಗಿ ಇಟ್ಟಿದ್ದೀರಿ ಎಂದೆ. “ಬಂದಾಗ ಉಡುಕ್ಬಾರ್ದಲ್ಲ,” ಎಂದರು ಅಜ್ಜಿ.

ಉತ್ತರವನ್ನು ಓದಿ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ಬಯ್ಯಲಿಲ್ಲ. ವೃದ್ಧಾಶ್ರಮದ ಮಾತನ್ನು ಎರಡು ಸಲ ಕೇಳಿದರು.

“ಅನ್ನೊಂದು ಕಡೆ ಉಡುಕಿದ್ರಾ? ಆ ಚಳೀಲಿ?”

“ಹೌದು ಅಜ್ಜಿ.”

“ಪಾಪ, ಯಾರೋ ಪುಣ್ಯಾತ್ಮರು. ಗುರ್ತಿಲ್ದ ಮುದುಕಿ ಅಂತ ತಿಳ್ಕೊಂಡೂ ಉಡುಕವ್ರೆ ನೋಡು.”

ಒಪ್ಪಂದಕ್ಕೆ ಸಹಿ ಹಾಕದ ದೇಶದ ಬಗ್ಗೆ ನಾನು ಹೀಗೆ ಯೋಚಿಸಿರಲಿಲ್ಲ.

ಈಗ ಸರಿಯಾದ ಗುರುತು ಬೇಕು. ಫೋಟೋ ಇಲ್ಲ, ಅಮ್ಮನ ಫೋಟೋ ತೆಗೆಯುವ ಪದ್ಧತಿಯಿಲ್ಲ. ಹದಿನಾಲ್ಕು ವಿಗ್ರಹಗಳಲ್ಲಿ ನಾಲ್ಕು ಇಂಥದೇ ಮುಖಗಳಂತೆ, ನೋಡಲು ಎಲ್ಲಾ ಒಂದೇ. “ಬೇರೆ ಯಾರಿಗೂ ಇರದ ಗುರುತು ಏನಾದರೂ?” ಎಂದೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದ ಮೊಮ್ಮಗನ ಕಡೆ ನೋಡಿದರು.

“ಲೋ, ಆಚೆ ಓಗು. ಎಣ್ಮಕ್ಕಳ ಮಾತು.”

“ನಾನೂ ನಿನ್ ಮೊಮ್ಮಗ ಅಲ್ವೇನಜ್ಜಿ?”

“ಅದಕ್ಕೇ ಓಗು ಅಂದಿದ್ದು.”

ಅವನು ಹೋದ ಮೇಲೆ ಅಜ್ಜಿ ಎರಡು ಕೈಗಳನ್ನೂ ಗಾಳಿಯಲ್ಲಿ ಬಟ್ಟಲಿನಂತೆ ಹಿಡಿದರು. ಅಷ್ಟು ಹೊತ್ತು ಬರಿಯ ಮುದುಕಿಯ ಕೈಗಳಾಗಿದ್ದವು. ಈಗ ನೋಡಿದರೆ ಅವುಗಳ ನಡುವೆ ಒಂದು ಮುಖದ ತೂಕವಿತ್ತು, ಇಷ್ಟಗಲ, ಒಂದೂವರೆ ಗೇಣು ಉದ್ದ. ಹಣೆಯಿಂದ ಗಲ್ಲದ ತನಕ ಹೆಬ್ಬೆರಳು ಹುಣಿಸೆಹಣ್ಣು ತಿಕ್ಕುವಂತೆ ಓಡಾಡಿತು. ಹಿಂದೆ ಟೊಳ್ಳಂತೆ. ಎಡಗಿವಿಯ ಒಳಬದಿಯಲ್ಲಿ ಎರಕ ಹೊಯ್ಯುವಾಗ ಆದ ಸಣ್ಣ ತೂತು. ಸ್ನಾನದ ನೀರು ಅಲ್ಲಿಂದ ಸೋರುತ್ತಿತ್ತು. ಅಮ್ಮನಿಗೆ ಕಿವಿ ಸೋರುತ್ತದೆ ಎಂದು ಯಾರಿಗೂ ಹೇಳದೆ, ಮದುವೆಯಾಗಿ ಬಂದ ವರ್ಷ ಇವರೇ ಅರಗು ಕಾಯಿಸಿ ಮುಚ್ಚಿದರಂತೆ.

“ಸುಡ್ತಾ ಇತ್ತು. ಬೆಳ್ಳು ನೀರಲ್ಲಿ ಅದ್ದಿ ಇಂಗೆ ಒತ್ದೆ ನೋಡು. ಬೊಬ್ಬೆ ಬಂತು. ಅರಗಿನ ಮ್ಯಾಗೆ ನನ್ ಬೆಳ್ಳಿನ ಗೆರೆಯೆಲ್ಲಾ ಅಂಗೇ ಮೂಡ್ತು. ಇವತ್ತಿಗೂ ಅಂಗೇ ಅದೆ. ಒಳಗಡೆ ಅಲ್ವಾ, ತಿಕ್ಕಕ್ಕಾಗಲ್ಲ.”

“ಯಾವ ಬೆರಳು ಅಜ್ಜಿ?”

ಬಲಗೈ ಹೆಬ್ಬೆರಳನ್ನು ಎತ್ತಿ ತೋರಿಸಿದರು. ಜನವರಿಯಲ್ಲಿ ನಾನು ಬೇಡವೆಂದು ಮಡಿಸಿದ ಬೆರಳು.

ಬಸ್ ಸ್ಟಾಪಿನ ತನಕ ಚನ್ನಕೇಶವ ಬಂದ. ನಾನು ಓಡುತ್ತಿದ್ದೆನಂತೆ. “ನಿಧಾನ ವಿಶ್ವಸಂಸ್ಥೆ, ಬಿದ್ಬಿಟ್ಟೀರ,” ಎಂದ. ಇದು ನನ್ನ ಹೊಸ ಹೆಸರು.

ಸೋಮವಾರ, 20 ಫೆಬ್ರವರಿ

ಬೆಳಿಗ್ಗೆ ಎಂಟಕ್ಕೇ ಆಫೀಸಿನ ಇಂಕ್‌ಪ್ಯಾಡ್ ಒದ್ದೆ ಮಾಡಿಟ್ಟೆ. ಅಜ್ಜಿ ಬಂದವರು ಪೆನ್ನು ಕೈಗೆತ್ತಿಕೊಂಡು, “ಮುನಿ ಬರೀಲಾ?” ಎಂದರು. ಬೇಡ ಅಜ್ಜಿ, ಹೆಬ್ಬೆಟ್ಟು ಎಂದೆ. ಅವರು ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು. “ಈ ಉಡ್ಗಿ ಒಂದ್ ಮಾತ್ನಾಗೆ ನಿಲ್ಲಾಕಿಲ್ಲ ಕೃಷ್ಣಪ್ನೋರೆ.” ಆದರೂ ಮೂರು ಹಾಳೆಗಳ ಮೇಲೆ ಒತ್ತಿದರು, ಒಂದೊಂದು ಗೆರೆಯೂ ಕಾಣುವಂತೆ. ಬೆರಳನ್ನು ನಾನೇ ಹಿಡಿದಿದ್ದೆ. ಒರಟು, ಬಿಸಿ.

ಈ ಸಲ ಸ್ವತ್ತಿನ ಫಾರಂ. ಅಜ್ಜಿ ತಾವಾಗಿಯೇ, “ವಿಗ್ರಹ ಅಂತ ಬರ್ಕೊ. ಬರೋಗಂಟ ವಿಗ್ರಹ, ಬಂದ್ಮೇಲೆ ಅಮ್ಮ,” ಎಂದರು. ನಾನು ಟೈಪ್ ಮಾಡಿದೆ: ಸಪ್ಪಲಮ್ಮ ದೇವಿ, ಕಂಚಿನ ಮುಖ, ಒಂದೂವರೆ ಗೇಣು. ಎಡಗಿವಿಯ ಒಳಗೆ ಅರಗಿನ ಮೇಲೆ ಅರ್ಜಿದಾರಳ ಬಲ ಹೆಬ್ಬೆರಳ ಗುರುತು. ಹೋಲಿಸಲು ಮುದ್ರೆ ಲಗತ್ತಿಸಿದೆ. ಕೃಷ್ಣಪ್ಪನವರು ಓದಿ, ಮೊದಲ ಸಾಲಿನ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟಿದ್ದು ನನ್ನನ್ನು ನೋಡಿದರು. ಅಕ್ಷರ ತಪ್ಪಿದೆಯೇನೋ ಎಂದು ಆಮೇಲೆ ನೋಡಿದೆ. ತಪ್ಪಿಲ್ಲ.

ಹುಡುಕಿದವರಿಗೆ ಒಂದು ಸಾಲು ಸೇರಿಸಲು ಅಜ್ಜಿ ಹೇಳಿದರು. ‘ಮುದುಕಿಗಾಗಿ ಅಲೆದದ್ದಕ್ಕೆ ನಿಮ್ಮ ಹೊಟ್ಟೆ ತಣ್ಣಗಿರಲಿ.’ ಇದನ್ನು ಇಂಗ್ಲಿಷಿಗೆ ತರಲು ಅರ್ಧ ಗಂಟೆ ಹಿಡಿಯಿತು. ನಿಯಮ ನಿಯಮವೇ, ಒಂದು ಅಕ್ಷರ ಬಿಡಲಿಲ್ಲ.

ಮಂಗಳವಾರ, 7 ಮಾರ್ಚ್

ಶಿವರಾತ್ರಿ. ಸುದ್ದಿಯಿಲ್ಲ. ಅವ್ವನ ಜೊತೆ ನಾನೂ ಉಪವಾಸ. ವ್ರತವಲ್ಲ, ಹಸಿವಿರಲಿಲ್ಲ. ಅವ್ವ ಕಲ್ಲಂಗಡಿ ಹಣ್ಣು ಕೊಯ್ದು ಕೊಟ್ಟಳು.

ಸುಂಕದಕಟ್ಟೆಗೆ ಭಾನುವಾರ ಹೋಗಿದ್ದೆ, ಅದಕ್ಕೆ ಮುಂಚಿನ ಭಾನುವಾರವೂ. ಅಜ್ಜಿಗೆ ‘ತಾ’ ಬಂದಿದೆ, ‘ಯ’ ಬಂದಿದೆ. ‘ಮ್ಮ’ದ ಒತ್ತು ಮಾತ್ರ ಪ್ರತಿ ಸಲ ಸಾಲಿನಿಂದ ಜಾರುತ್ತದೆ. ಅವರು ಕೆಳಗೆ ಬಗ್ಗಿ ಬರೆಯುವ ಹೊತ್ತಿಗೆ ನಾನು ಚೊಂಬಿನ ನೀರು ಬದಲಿಸಿ ತುಂಬಿಸಿಡುತ್ತೇನೆ. ಹಳೆ ನೀರು ವಾಸನೆ ಬರುತ್ತದೆ.

ಮಂಗಳವಾರ, 28 ಮಾರ್ಚ್

ಹೊಂದಿತು! ಹೊಂದಿತು! ಹೊಂದಿತು!

ಗಡುವಿಗೆ ಮೂರೇ ದಿನ ಇರುವಾಗ ದೆಹಲಿಯಿಂದ ತಂತಿ. ಹ್ಯಾಂಬರ್ಗಿನ ಬೆರಳಚ್ಚು ತಜ್ಞರು ಭೂತಗನ್ನಡಿ ಹಿಡಿದು ನೋಡಿದ್ದಾರೆ. ಅರಗಿನ ಗೆರೆ, ಕಾಗದದ ಗೆರೆ ಹನ್ನೆರಡು ಕಡೆ ಒಂದೇ. ವ್ಯಾಪಾರಿ ಇದನ್ನು ತಾತನಿಂದ ಬಂದ ಆಸ್ತಿ ಎಂದು ಹೇಳಿಕೊಂಡಿದ್ದನಂತೆ. ಸುಂಕದಕಟ್ಟೆಯ ಸೊಸೆಯ ಹೆಬ್ಬೆಟ್ಟು ನಿನ್ನ ತಾತನ ಆಸ್ತಿಯೊಳಗೆ ಹೇಗೆ ಬಂತು ಎಂದು ಕೇಳಿದ್ದಕ್ಕೆ ಮಾರಿದವರ ಹೆಸರು ಹೇಳಿಬಿಟ್ಟನಂತೆ. ಒಂದು ಸುಳ್ಳಾದ ಮೇಲೆ ಅಲ್ಲಿಯ ನ್ಯಾಯಾಧೀಶರು ಉಳಿದ ಹದಿಮೂರನ್ನೂ ಬಿಡಕೂಡದು ಎಂದಿದ್ದಾರೆ. ಅವನು ಕೊಟ್ಟ ಹೆಸರಿನ ಮೇಲೆ ಬೊಂಬಾಯಿಯಲ್ಲಿ ಇಬ್ಬರು ಸಿಕ್ಕಿದ್ದಾರೆ.

ಅಜ್ಜಿಗೆ ಹೇಳಿದಾಗ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. “ಇಷ್ಟ್ ದಿನ ಜೊತೇಲೇ ಇತ್ತು. ನಂಗೊಂದ್ ಮಾತು ಏಳ್ಬಾರ್ದಾ ಇದು?” ಎಂದರು. ಆಮೇಲೆ ಅತ್ತರು. ನಾನು ಅಳಲಿಲ್ಲ. ಚನ್ನಕೇಶವ ಅತ್ತೆನೆಂದು ಹೇಳುತ್ತಾನೆ, ಅದು ಸುಳ್ಳು.

ಗುರುವಾರ, 13 ಏಪ್ರಿಲ್

ಯುಗಾದಿಯ ನಂತರ ಇವತ್ತೇ ಪುಸ್ತಕ ಮುಟ್ಟಿದ್ದು. ಜರ್ಮನಿಯ ದೂತಾವಾಸದ ಅಧಿಕಾರಿಯೊಬ್ಬರು, ದೆಹಲಿಯ ಪೊಲೀಸ್ ಅಧಿಕಾರಿಯೊಬ್ಬರು ಮದ್ರಾಸಿನಿಂದ ತಾವೇ ಬರುತ್ತಾರಂತೆ. ಅಮ್ಮನನ್ನು ಪಾರ್ಸೆಲ್ಲಿನಲ್ಲಿ ಹಾಕಿಲ್ಲ. ಅಧಿಕಾರಿಯ ಪಕ್ಕದ ಸೀಟು. ಅಜ್ಜಿಯ ಆ ಒಂದು ಸಾಲನ್ನು ಹ್ಯಾಂಬರ್ಗಿನ ಕಚೇರಿಯಲ್ಲಿ ಗೋಡೆಗೆ ಅಂಟಿಸಿದ್ದಾರೆಂದೂ ಪತ್ರದಲ್ಲಿತ್ತು.

ಒಪ್ಪಿಸಿಕೊಂಡದ್ದಕ್ಕೆ ರಸೀದಿ ಕೊಡಬೇಕು. ನಾನು ಇಂಕ್‌ಪ್ಯಾಡ್ ತರುತ್ತೇನೆ ಎಂದೆ. ಅಜ್ಜಿ ನೆಲದ ಮೇಲಿನ ಹಾಳೆಯನ್ನು ನನ್ನ ಕಡೆ ತಳ್ಳಿದರು. ‘ಮುನಿತಾಯಮ್ಮ’. ಪೂರ್ತಿ. ಒತ್ತು ಜಾರಿರಲಿಲ್ಲ.

“ಎಬ್ಬೆಟ್ಟು ಅಮ್ಮನ ಕಿವೀಗೆ. ಸರ್ಕಾರದ ಕಾಗ್ದಕ್ಕೆ ಅಕ್ಸರ,” ಎಂದರು. ಹಾಳೆ ತಿರುಗಿಸಿದರೆ ಹಿಂದೆ ಮಹಾಕಾರ್ಯದರ್ಶಿಗೆ ನಾನು ಬರೆದಿದ್ದ ಪತ್ರ. ಕಳಿಸುವುದು ಮರೆತೇಹೋಗಿತ್ತು. ಈಗ ಕಳಿಸಿದರೆ ಈ ಬದಿಯನ್ನು ಮೇಲೆ ಮಾಡಿ ಕಳಿಸಬೇಕು.

“ಪೆಟ್ಟಿಗೆಯಿಂದ ಎತ್ತೋವಾಗ ಇನ್ನೊಂದ್ ಜೊತೆ ಕೈ ಬೇಕು. ಸ್ನಾನ ಮಾಡಿ ಬಾ,” ಎಂದರು ಅಜ್ಜಿ. ನಾನು ದಿನವೂ ಸ್ನಾನ ಮಾಡುತ್ತೇನೆ ಎಂದೆ. “ತಲೆ ಮೇಲೆ ಉಯ್ಕೊಂಡು ಬಾ.” ಆಯಿತು ಎಂದೆ. ಅವ್ವ ತನ್ನ ಹಸಿರು ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ, ನಾನೇನೂ ಕೇಳಿರಲಿಲ್ಲ. ತಾನೂ ಬರುತ್ತಾಳಂತೆ: “ಅಷ್ಟು ದೂರದಿಂದ ಒಬ್ಬಾಕಿನ ಬರ್ತಾಳ, ಎದುರುಗೊಳ್ಳಬ್ಯಾಡ?”

ಮರೆಯದಂತೆ ಬರೆದಿಡುತ್ತೇನೆ. ಮದ್ರಾಸ್ ಮೇಲ್ ರೈಲು. ಸಿಟಿ ಸ್ಟೇಷನ್, ಒಂದನೇ ಪ್ಲಾಟ್‌ಫಾರಂ, ನೀರಿನ ನಲ್ಲಿಯ ಪಕ್ಕ ಅಜ್ಜಿ, ಚನ್ನಕೇಶವ, ಅವ್ವ, ನಾನು. ಈ ಭಾನುವಾರ, ಏಪ್ರಿಲ್ ಹದಿನಾರು, ಬೆಳಿಗ್ಗೆ ಆರು ಗಂಟೆಗೆ.